ಸಾಯಿಸದ ಕಾಯಿಲೆಗಳ ಲೆಕ್ಕ

(ಭಾಷಣವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಒಂದೆರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮುಂದುವರಿಯುತ್ತಿರುವ ದೇಶವೊಂದರಲ್ಲಿ ಜನರ ಆರೋಗ್ಯಕ್ಕೂ ಆರ್ಥಿಕ ಬೆಳವಣಿಗೆಗೂ ಏನು ನಂಟು? ಇದು ನನಗೆ ಕೊಟ್ಟಿರುವ ವಿಷಯ. ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಉತ್ತರ ಸಿದ್ಧ ಇರುತ್ತದೆ: ಜನ ಗಟ್ಟಿಯಾಗಿದ್ದರೆ ಚೆನ್ನಾಗಿ ದುಡಿಯುತ್ತಾರೆ, ದೇಶ ಮುಂದೆ ಬರುತ್ತದೆ. ಉತ್ತರ ತಪ್ಪೇನಲ್ಲ. ಆದರೆ ಅದನ್ನು ನಂಬಿಕೊಂಡು ಹೊರಟರೆ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಕಾಯಿಲೆ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆ, ಆಂಬುಲೆನ್ಸ್, ಸಾವು. ಒಂದು ದೇಶದ ದುಡಿಮೆಯನ್ನು ಒಳಗಿಂದ ತಿನ್ನುವ ಕಾಯಿಲೆಗಳು ಹೆಚ್ಚಾಗಿ ಬೇರೆಯೇ ಥರದವು. ಅವು ಸಾಯಿಸುವುದಿಲ್ಲ. ಎಷ್ಟೋ ಸಲ ಆಸ್ಪತ್ರೆಯ ಬಾಗಿಲಿಗೂ ಕಳಿಸುವುದಿಲ್ಲ. ಇವತ್ತು ನಾನು ಜಾಸ್ತಿ ಮಾತಾಡುವುದು ಅವುಗಳ ಬಗ್ಗೆ.

ಪಶ್ಚಿಮ ಆಫ್ರಿಕಾದ ವೋಲ್ಟಾ ನದಿಯ ಕಣಿವೆಯಿಂದ ಶುರು ಮಾಡೋಣ. 1970ರ ಸುಮಾರಿಗೆ ಅಲ್ಲಿ ಹೋದವರಿಗೆ ಒಂದು ವಿಚಿತ್ರ ಕಾಣುತ್ತಿತ್ತು. ನದಿ ದಡದ ಮಣ್ಣು ಫಲವತ್ತಾಗಿದೆ, ನೀರು ಪಕ್ಕದಲ್ಲೇ ಹರಿಯುತ್ತಿದೆ, ಆದರೆ ದಡದ ಊರುಗಳು ಪಾಳು ಬಿದ್ದಿವೆ. ಜನ ದೂರ ಹೋಗಿ, ಸಾರವಿಲ್ಲದ ನೆಲದಲ್ಲಿ ಉತ್ತು ಬಿತ್ತಿ ಕಷ್ಟಪಡುತ್ತಿದ್ದಾರೆ. ಕಾರಣ ಒಂದು ಸಣ್ಣ ಕಪ್ಪು ನೊಣ. ಅದು ರಭಸವಾಗಿ ಹರಿಯುವ ನೀರಿನಲ್ಲಿ ಮೊಟ್ಟೆ ಇಡುತ್ತದೆ. ಕಚ್ಚಿದಾಗ ಒಂದು ಜಾತಿಯ ಹುಳುವನ್ನು ಮೈಗೆ ಸೇರಿಸುತ್ತದೆ. ಆ ಹುಳು ಚರ್ಮದ ಕೆಳಗೆ ಗಂಟು ಕಟ್ಟಿಕೊಂಡು ಹತ್ತು ಹದಿನೈದು ವರ್ಷ ಬದುಕಿ ಲೆಕ್ಕವಿಲ್ಲದಷ್ಟು ಮರಿ ಹಾಕುತ್ತದೆ. ಮರಿಗಳು ಚರ್ಮದಲ್ಲಿ ಓಡಾಡಿದರೆ ರಾತ್ರಿ ನಿದ್ದೆ ಬಾರದಷ್ಟು ನವೆ. ಕಣ್ಣಿಗೆ ಹೋದರೆ ನಿಧಾನಕ್ಕೆ ಕುರುಡು. ರಿವರ್ ಬ್ಲೈಂಡ್‌ನೆಸ್ ಅನ್ನುವುದು ಇದನ್ನೇ.

ತುಂಬಾ ಪೀಡಿತವಾದ ಹಳ್ಳಿಗಳಲ್ಲಿ ಹತ್ತರಲ್ಲಿ ಒಬ್ಬರಿಗೆ ಕಣ್ಣು ಕಾಣುತ್ತಿರಲಿಲ್ಲ. ಹೆಚ್ಚಿನವರು ದುಡಿಯುವ ವಯಸ್ಸಿನ ದೊಡ್ಡವರು. ಅಲ್ಲಿ ದಿನಾ ಕಾಣುತ್ತಿದ್ದ ಒಂದು ನೋಟ ಇದೆ. ಒಂದು ಉದ್ದ ಕೋಲು. ಮುಂದಿನ ತುದಿ ಒಬ್ಬ ಹುಡುಗನ ಕೈಯಲ್ಲಿ, ಹಿಂದಿನ ತುದಿ ಕಣ್ಣಿಲ್ಲದ ಹಿರಿಯನ ಕೈಯಲ್ಲಿ. ಇದೇ ನೋಟದ ಪ್ರತಿಮೆ ವಾಷಿಂಗ್ಟನ್‌ನ ವಿಶ್ವ ಬ್ಯಾಂಕ್ ಕಚೇರಿಯಲ್ಲೂ ಇದೆ. ಅರ್ಥಶಾಸ್ತ್ರ ಓದಿದವರು ಅದನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಹಿಂದೆ ನಡೆಯುವವನ ದುಡಿಮೆ ಹೋಯಿತು. ಮುಂದೆ ನಡೆಯುವ ಹುಡುಗನ ಶಾಲೆ ಹೋಯಿತು, ಅಂದರೆ ಮುಂದಿನ ತಲೆಮಾರಿನ ದುಡಿಮೆಯೂ ಹೋಯಿತು. ಅವರಿಬ್ಬರೂ ಬಿಟ್ಟುಬಂದ ಹೊಲ ಬೀಳು ಬಿತ್ತು. ಒಂದು ಕಾಯಿಲೆ, ಮೂರು ನಷ್ಟ. ಸಾವಿನ ಪಟ್ಟಿ ತೆಗೆದು ನೋಡಿದರೆ ಮೂರರಲ್ಲಿ ಒಂದೂ ಸಿಗುವುದಿಲ್ಲ.

1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ವಿಶ್ವ ಬ್ಯಾಂಕ್ ಮತ್ತು ಇತರರು ಸೇರಿ ಅಲ್ಲಿ ಕೆಲಸ ಶುರು ಮಾಡಿದರು. ಹೆಲಿಕಾಪ್ಟರ್‌ಗಳಲ್ಲಿ ಹೋಗಿ ನದಿಗಳಿಗೆ ನೊಣದ ಮರಿ ಸಾಯುವ ಔಷಧಿ ಸಿಂಪಡಿಸುವುದು. ವಾರ ವಾರವೂ, ವರ್ಷಗಟ್ಟಲೆ. ಮೈಯೊಳಗಿನ ಹುಳು ಅಷ್ಟು ವರ್ಷ ಬದುಕುತ್ತದಲ್ಲ, ಅದು ವಯಸ್ಸಾಗಿ ಸಾಯುವ ತನಕ ಹೊಸ ನೊಣ ಅದರ ಮರಿಗಳನ್ನು ಇನ್ನೊಬ್ಬರಿಗೆ ಹೊತ್ತುಕೊಂಡು ಹೋಗಬಾರದು. 1987ರಿಂದ ಮರ್ಕ್ ಅನ್ನುವ ಔಷಧಿ ಕಂಪನಿ, ಮೈಯೊಳಗಿನ ಮರಿಹುಳು ಕೊಲ್ಲುವ ಐವರ್‌ಮೆಕ್ಟಿನ್ ಮಾತ್ರೆಯನ್ನು ಪುಕ್ಕಟೆ ಕೊಡತೊಡಗಿತು. 2002ರಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ 11 ದೇಶಗಳಲ್ಲಿ ಸುಮಾರು 6 ಲಕ್ಷ ಜನ ಕುರುಡಾಗುವುದು ತಪ್ಪಿತ್ತು. ಸುಮಾರು 2.5 ಕೋಟಿ ಹೆಕ್ಟೇರ್ ಸಾಗುವಳಿ ಭೂಮಿ ಮತ್ತೆ ಬಳಕೆಗೆ ಬರುವಂತಾಯಿತು. ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 20ರ ಆಸುಪಾಸಿನಲ್ಲಿ ಪ್ರತಿಫಲ ಬಂದಿದೆ ಅಂತ ಲೆಕ್ಕ ಹಾಕಿದ್ದಾರೆ. ಯಾವ ಅಣೆಕಟ್ಟು, ಯಾವ ಹೆದ್ದಾರಿ ಇಷ್ಟು ಕೊಡುತ್ತದೆ ಹೇಳಿ? ಆದರೆ ಇನ್ನೊಂದು ಅಂಕಿಯನ್ನೂ ನೆನಪಿಟ್ಟುಕೊಳ್ಳಿ. 1974ರಿಂದ 2002, ಅಂದರೆ 28 ವರ್ಷ. ಈ ಮಾತಿಗೆ ಆಮೇಲೆ ಬರುತ್ತೇನೆ.

ಕುರುಡುತನವಾದರೂ ಹೊರಗೆ ಕಾಣುತ್ತದೆ. ಇನ್ನೂ ಕಣ್ಣಿಗೆ ಬೀಳದ ಒಂದು ವಿಷಯಕ್ಕೆ ಬರೋಣ: ರಕ್ತಹೀನತೆ.

ರಬ್ಬರ್ ತೋಟದ ಕೆಲಸ ಹೇಗಿರುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳಗಿನ ಜಾವದ ತಂಪಿನಲ್ಲೇ ಮರದ ತೊಗಟೆ ಕೆತ್ತಬೇಕು, ಬಿಸಿಲೇರಿದರೆ ಹಾಲು ಸರಿಯಾಗಿ ಇಳಿಯುವುದಿಲ್ಲ. ಓರೆಯಾಗಿ, ತೆಳ್ಳಗೆ ಕೆತ್ತಬೇಕು. ಆಳವಾದರೆ ಮರ ಹಾಳು, ಮೇಲುಮೇಲಾದರೆ ಹಾಲಿಲ್ಲ. ಒಂದು ಮರ ಮುಗಿಸಿ ಇನ್ನೊಂದು ಮರ, ಹೀಗೆ ನೂರಾರು ಮರ. ಆಮೇಲೆ ಮತ್ತೆ ಅದೇ ದಾರಿಯಲ್ಲಿ ಬಕೆಟ್ ಹಿಡಿದುಕೊಂಡು ಬಂದು, ಬಟ್ಟಲುಗಳಲ್ಲಿ ಇಳಿದ ಹಾಲನ್ನು ಸುರಿದುಕೊಂಡು ಹೊತ್ತು ತರಬೇಕು. ಇದರಲ್ಲಿ ಮರದ ಹತ್ತಿರ ನಿಲ್ಲುವ ಹೊತ್ತು ಕಡಿಮೆ, ನಡೆಯುವುದೇ ಜಾಸ್ತಿ.

1970ರ ದಶಕದಲ್ಲಿ ಇಂಡೊನೇಷ್ಯಾದ ರಬ್ಬರ್ ತೋಟಗಳ ಕೆಲಸಗಾರರ ರಕ್ತ ಪರೀಕ್ಷೆ ಮಾಡಿದರು. ಅರ್ಧದ ಹತ್ತಿರ ಗಂಡಸರಿಗೆ ರಕ್ತಹೀನತೆ ಇತ್ತು. ಇವರಲ್ಲಿ ಯಾರೂ ರಜೆ ಹಾಕಿ ಮನೆಯಲ್ಲಿ ಮಲಗಿದವರಲ್ಲ. ದಿನಾ ಕೆಲಸಕ್ಕೆ ಬರುತ್ತಿದ್ದವರು. ಹಾಜರಿ ಪುಸ್ತಕ ನೋಡಿದರೆ ಎಲ್ಲ ಸರಿಯಾಗಿದೆ. ಆದರೆ ತಂದ ಹಾಲು ತೂಗಿದರೆ ಕಡಿಮೆ. ಕೆಲವರಿಗೆ 60 ದಿನ ಕಬ್ಬಿಣಾಂಶದ ಮಾತ್ರೆ ಕೊಟ್ಟು ನೋಡಿದರು. ರಕ್ತಹೀನತೆ ಇದ್ದವರು ತರುತ್ತಿದ್ದ ಹಾಲು ಹೆಚ್ಚುಕಡಿಮೆ ಉಳಿದವರ ಮಟ್ಟಕ್ಕೆ ಬಂತು. ಕೂಲಿ ಹಾಲಿನ ತೂಕದ ಮೇಲೆ ಇದ್ದದ್ದರಿಂದ ಅವರ ಕೈಗೆ ಸೇರುವ ದುಡ್ಡೂ ಏರಿತು. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಅರ್ಥಶಾಸ್ತ್ರಜ್ಞರು ಒಂದು ಅಂದಾಜು ಕೊಡುತ್ತಾರೆ: ಮೈಮುರಿಯುವ ಕೆಲಸದಲ್ಲಿ ರಕ್ತಹೀನತೆಯಿಂದ ಆಗುವ ನಷ್ಟ ಸುಮಾರು ಶೇ 17, ಹಗುರ ಕೆಲಸದಲ್ಲಿ ಸುಮಾರು ಶೇ 5.

‘ಆ ಜನ ಸೋಮಾರಿಗಳು’ ಅನ್ನುವ ಮಾತು ನೀವು ಎಷ್ಟು ಸಲ ಕೇಳಿಲ್ಲ? ಇಡೀ ಇಡೀ ದೇಶಗಳ ಮೇಲೆ ಈ ಮಾತು ಹೊರಿಸಿದ್ದಾರೆ. ಇದು ಬಡ ದೇಶಗಳಿಗೆ ಮಾತ್ರ ಸಿಕ್ಕ ಬೈಗುಳವೂ ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಬಡವರನ್ನೂ ನೂರು ವರ್ಷದ ಹಿಂದೆ ಹೀಗೇ ಅನ್ನುತ್ತಿದ್ದರು. ಚಾರ್ಲ್ಸ್ ಸ್ಟೈಲ್ಸ್ ಅನ್ನುವ ವಿಜ್ಞಾನಿ 1902ರಲ್ಲಿ, ಇವರ ಹೊಟ್ಟೆಯಲ್ಲಿ ಕೊಕ್ಕೆ ಹುಳು ಇದೆ, ಅದು ದಿನಾ ರಕ್ತ ಹೀರುತ್ತಿದೆ ಅಂತ ತೋರಿಸಿದ. ಪತ್ರಿಕೆಗಳು ‘ಸೋಮಾರಿತನದ ಕ್ರಿಮಿ ಸಿಕ್ಕಿತು’ ಅಂತ ತಮಾಷೆ ಮಾಡಿದವು. ತಮಾಷೆ ಆದರೂ ವಿಷಯ ಹೆಚ್ಚುಕಡಿಮೆ ಅದೇ. ಪಾಯಿಖಾನೆ ಇಲ್ಲದ ಊರು, ಚಪ್ಪಲಿ ಇಲ್ಲದ ಕಾಲು. ಬಯಲಿನ ಹೇಲಿನಿಂದ ಮಣ್ಣಿಗೆ ಬಂದ ಮರಿಹುಳು ಪಾದದ ಚರ್ಮ ಕೊರೆದು ಒಳಗೆ ಹೋಗುತ್ತಿತ್ತು. ಆ ರಾಜ್ಯಗಳ ಶಾಲೆ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಈ ಹುಳು ಇತ್ತು. 1909ರಲ್ಲಿ ಎಣ್ಣೆ ಉದ್ಯಮದ ಕುಬೇರ ರಾಕ್‌ಫೆಲರ್ 10 ಲಕ್ಷ ಡಾಲರ್ ಕೊಟ್ಟರು. ಹಳ್ಳಿ ಹಳ್ಳಿಗೆ ಹೋಗಿ ಪರೀಕ್ಷೆ ಮಾಡುವುದು, ಹುಳುವಿನ ಔಷಧಿ ಕೊಡುವುದು, ಪಾಯಿಖಾನೆ ಯಾಕೆ ಬೇಕು ಅಂತ ತಿಳಿಹೇಳುವುದು ಶುರುವಾಯಿತು.

ಇಲ್ಲಿಂದ ಮುಂದಿನದು ನನಗೆ ಬಹಳ ಮುಖ್ಯ. ಹೋಯ್ಟ್ ಬ್ಲೀಕ್ಲಿ ಅನ್ನುವ ಅರ್ಥಶಾಸ್ತ್ರಜ್ಞ ಹತ್ತಿರ ಹತ್ತಿರ ನೂರು ವರ್ಷ ಆದಮೇಲೆ ಹಳೆಯ ಜನಗಣತಿ ದಾಖಲೆಗಳನ್ನು ತೆಗೆದು, ಹುಳು ಜಾಸ್ತಿ ಇದ್ದ ಜಾಗ, ಕಡಿಮೆ ಇದ್ದ ಜಾಗಗಳನ್ನು ಹೋಲಿಸಿದರು. ಜಾಸ್ತಿ ಇದ್ದ ಕಡೆ ಮಕ್ಕಳು ಶಾಲೆಗೆ ಬರುವುದು, ಓದು ಕಲಿಯುವುದು ಬೇಗ ಏರಿತ್ತು. ಆ ಮಕ್ಕಳು ದೊಡ್ಡವರಾದ ಮೇಲೆ ಅವರ ಸಂಪಾದನೆಯೂ ಏರಿತ್ತು. ಬಾಲ್ಯ ಪೂರ್ತಿ ಈ ಹುಳು ಇದ್ದರೆ ದೊಡ್ಡವರಾದಾಗ ಸಂಪಾದನೆ ಶೇ 40ರಷ್ಟು ಕಡಿಮೆಯಾಗುತ್ತದೆ ಅನ್ನುವುದು ಅವರ ಲೆಕ್ಕ. ಆಗಲೇ ದೊಡ್ಡವರಾಗಿದ್ದವರಿಗೆ ಅಷ್ಟೇನೂ ಪ್ರಯೋಜನ ಕಾಣಲಿಲ್ಲ. ಮಾತ್ರೆ ನುಂಗಿದ್ದು 1912ರಲ್ಲಿ ಅಂತ ಇಟ್ಟುಕೊಳ್ಳಿ, ಅದರ ಸಂಬಳ ಕೈಗೆ ಬಂದದ್ದು 1930ರ ದಶಕದಲ್ಲಿ.

ಕೀನ್ಯಾದ ಕಥೆಯೂ ಹೀಗೇ. 1998ರಲ್ಲಿ ಬುಸಿಯಾ ಅನ್ನುವ ಕಡೆ 75 ಶಾಲೆಗಳಲ್ಲಿ ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗೆಲ್ ಅನ್ನುವ ಅರ್ಥಶಾಸ್ತ್ರಜ್ಞರು ಹುಳುವಿನ ಮಾತ್ರೆಯ ಪರಿಣಾಮ ಅಳೆಯತೊಡಗಿದರು. ಒಂದು ಮಗುವಿಗೆ ವರ್ಷಕ್ಕೆ ತಗಲುವ ಖರ್ಚು ಒಂದು ಡಾಲರಿಗಿಂತ ಕಡಿಮೆ. ಶಾಲೆ ತಪ್ಪಿಸುವುದು ಕಾಲು ಭಾಗ ಇಳಿಯಿತು. ಸುತ್ತಲ ಊರುಗಳಲ್ಲಿ ಮಾತ್ರೆ ಸಿಗದ ಮಕ್ಕಳಿಗೂ ಪ್ರಯೋಜನ ಆಯಿತು, ಯಾಕೆಂದರೆ ಮಣ್ಣಿಗೆ ಬೀಳುವ ಮೊಟ್ಟೆಗಳೇ ಕಡಿಮೆಯಾದವು. ಅದೇ ಮಕ್ಕಳನ್ನು 20 ವರ್ಷ ಆದಮೇಲೆ ಹುಡುಕಿಕೊಂಡು ಹೋದರು. ಎರಡು ಮೂರು ವರ್ಷ ಜಾಸ್ತಿ ಮಾತ್ರೆ ಸಿಕ್ಕವರ ಗಂಟೆಯ ಸಂಪಾದನೆ ಶೇ 13ರಷ್ಟು ಜಾಸ್ತಿ ಇತ್ತು. ಇದರ ಮೇಲೆ ಜಗಳವೂ ಆಗಿದೆ. 2015ರಲ್ಲಿ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಹಳೆಯ ತೀರ್ಮಾನ ಅಷ್ಟು ಗಟ್ಟಿಯಲ್ಲ ಅಂದರು. ನನಗೆ ಕಾಣುವುದು ಇಷ್ಟು: ಪ್ರಯೋಜನದ ಪ್ರಮಾಣದ ಬಗ್ಗೆ ತಕರಾರು ಇರಲಿ. ಇಷ್ಟು ಅಗ್ಗದ ಮಾತ್ರೆ ಹೇಳಿದ್ದರಲ್ಲಿ ಕಾಲು ಭಾಗ ಕೆಲಸ ಮಾಡಿದರೂ ಗಿಟ್ಟುತ್ತದೆ.

ಗ್ವಾಟೆಮಾಲದ ನಾಲ್ಕು ಹಳ್ಳಿಗಳಲ್ಲಿ 1969ರಿಂದ 1977ರ ತನಕ ಚಿಕ್ಕ ಮಕ್ಕಳಿಗೆ ದಿನಾ ಪೇಯ ಕೊಟ್ಟರು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ಇರುವ ಗಂಜಿ, ಇನ್ನೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನಕ. ಮೂವತ್ತು ವರ್ಷ ಆದಮೇಲೆ ನೋಡಿದರೆ, ಮೂರು ವರ್ಷ ತುಂಬುವ ಮೊದಲು ಗಂಜಿ ಕುಡಿದ ಗಂಡುಮಕ್ಕಳ ಗಂಟೆಯ ಸಂಪಾದನೆ ಶೇ 46ರಷ್ಟು ಜಾಸ್ತಿ. ಮೂರು ವರ್ಷ ಆದಮೇಲೆ ಕುಡಿದವರಿಗೆ ಏನೂ ವ್ಯತ್ಯಾಸ ಇಲ್ಲ. ಹೆಣ್ಣುಮಕ್ಕಳ ಸಂಪಾದನೆಯೂ ಏರಲಿಲ್ಲ. ಅವರು ಚುರುಕಾಗಲಿಲ್ಲ ಅಂತಲ್ಲ, ಓದಿನಲ್ಲಿ ಅವರಿಗೂ ಲಾಭ ಆಗಿತ್ತು. ಆದರೆ ಆ ಊರುಗಳಲ್ಲಿ ಹೆಣ್ಣಿಗೆ ಒಳ್ಳೆ ಕೂಲಿ ಕೊಡುವ ಕೆಲಸವೇ ಇರಲಿಲ್ಲ. ಆರೋಗ್ಯ ಒಂದೇ ಬೆಳವಣಿಗೆ ತರುತ್ತದೆ ಅನ್ನುವವರಿಗೆ ಈ ಒಂದು ಸಾಲು ಸಾಕು. ಗಟ್ಟಿಯಾದ ಮೈಗೆ, ಚುರುಕಾದ ತಲೆಗೆ ಮಾಡಲು ಕೆಲಸವೂ ಬೇಕಲ್ಲ.

ಈಗ ಎದುರು ವಾದಕ್ಕೆ ಬರುತ್ತೇನೆ, ಸುಮ್ನೆ ಒಂದೇ ಕಡೆ ಹೇಳಿ ಹೋದರೆ ಸರಿಯಾಗುವುದಿಲ್ಲ.

2007ರಲ್ಲಿ ಡ್ಯಾರನ್ ಅಸೆಮೊಗ್ಲು ಮತ್ತು ಸೈಮನ್ ಜಾನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. 1940ರ ನಂತರ ಪೆನಿಸಿಲಿನ್, ಸೊಳ್ಳೆ ಕೊಲ್ಲುವ ಡಿಡಿಟಿ, ಲಸಿಕೆಗಳು ಬಡ ದೇಶಗಳನ್ನು ಒಮ್ಮೆಲೇ ತಲುಪಿದವು. ಜನರ ಆಯಸ್ಸು ಧಡಕ್ಕನೆ ಏರಿತು. ಹಾಗಾದರೆ ತಲಾ ಆದಾಯವೂ ಏರಬೇಕಿತ್ತು, ಅಲ್ವಾ? ಏರಲಿಲ್ಲ ಅಂದರು ಅವರು. ಆಯಸ್ಸು ಏರಿದ್ದರಿಂದ ಜನಸಂಖ್ಯೆ ಏರಿತು. ಇದ್ದ ಭೂಮಿ, ಇದ್ದ ಯಂತ್ರ ಹೆಚ್ಚು ಜನರಿಗೆ ಹಂಚಿಹೋಯಿತು. ಒಟ್ಟು ಉತ್ಪನ್ನ ಏರಿದರೂ ತಲೆಗೆ ಬರುವ ಪಾಲು ಏರಲಿಲ್ಲ. ಡೇವಿಡ್ ಬ್ಲೂಮ್ ಮತ್ತು ಅವರ ಜೊತೆಗಾರರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಮೊದಲೇ ಆರೋಗ್ಯ ಚೆನ್ನಾಗಿದ್ದ ದೇಶಗಳು ಆ ಆರೋಗ್ಯದಿಂದಲೇ ಆಮೇಲೂ ಬೇಗ ಬೆಳೆದಿರಬಹುದು, ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಚಿತ್ರ ಬದಲಾಗುತ್ತದೆ ಅಂತ. ವಾದ ಇನ್ನೂ ಮುಗಿದಿಲ್ಲ.

ನನಗೆ ಈ ವಾದದಿಂದ ಕಲಿಯಲು ಸಿಕ್ಕಿದ್ದು ತಲಾ ಆದಾಯ ಅನ್ನುವ ಅಳತೆಯ ಬಗ್ಗೆ. ಭಾಗಾಕಾರದಲ್ಲಿ ಕೆಳಗಿನ ಸಂಖ್ಯೆ ಕಡಿಮೆಯಾದರೆ ಉತ್ತರ ದೊಡ್ಡದಾಗುತ್ತದೆ. 1348ರಲ್ಲಿ ಪ್ಲೇಗ್ ಬಂದು ಇಂಗ್ಲೆಂಡಿನಲ್ಲಿ ಮೂರರಲ್ಲಿ ಒಬ್ಬರಾದರೂ ಸತ್ತ ಮೇಲೆ, ಉಳಿದ ಕೂಲಿಗಳ ಸಂಬಳ ಏರಿತು. ಅದನ್ನು ಯಾರೂ ಅಭಿವೃದ್ಧಿ ಅನ್ನುವುದಿಲ್ಲ. ಬೋಟ್ಸ್ವಾನಾ ನೋಡಿ. ಏಡ್ಸ್ ಬಂದು ಅಲ್ಲಿನ ಸರಾಸರಿ ಆಯಸ್ಸು 60ರ ಮೇಲಿದ್ದದ್ದು 50ರ ಆಸುಪಾಸಿಗೆ ಬಿತ್ತು. ಅದೇ ವರ್ಷಗಳಲ್ಲಿ ವಜ್ರದ ಗಣಿಗಳಿಂದಾಗಿ ಆದಾಯದ ಅಂಕಿ ಏರುತ್ತಲೇ ಇತ್ತು. ವಜ್ರ ಅಗೆಯಲು ಅಷ್ಟೊಂದು ಜನ ಬೇಡ. ಆ ಅಂಕಿಯನ್ನಷ್ಟೇ ನೋಡುತ್ತಾ ಕೂತಿದ್ದರೆ ಏನೂ ಆಗಿಲ್ಲ ಅಂತಲೇ ಅಂದುಕೊಳ್ಳಬೇಕಿತ್ತು. ಅಲ್ಲಿನ ಸರ್ಕಾರ ಹಾಗೆ ಅಂದುಕೊಳ್ಳಲಿಲ್ಲ. 2002ರಲ್ಲಿ ಎಚ್‌ಐವಿ ಔಷಧಿಯನ್ನು ಸರ್ಕಾರದ ಖರ್ಚಿನಲ್ಲಿ ಕೊಡಲು ಶುರು ಮಾಡಿತು, ಆಫ್ರಿಕಾದಲ್ಲಿ ಎಲ್ಲರಿಗಿಂತ ಮೊದಲು. ವಜ್ರದ ದುಡ್ಡು ಒಳ್ಳೆ ಕಡೆ ಹೋಯಿತು.

ಜನಸಂಖ್ಯೆಯ ಮಾತು ಬಂತಲ್ಲ, ಅದಕ್ಕೂ ಉತ್ತರ ಆರೋಗ್ಯದಲ್ಲೇ ಇದೆ. ಆದರೆ ತಡವಾಗಿ ಬರುತ್ತದೆ. ಹುಟ್ಟಿದ ಮಕ್ಕಳು ಬದುಕುತ್ತವೆ ಅನ್ನುವ ನಂಬಿಕೆ ತಾಯಂದಿರಿಗೆ ಬಂದ ಮೇಲೆ ಹೆರಿಗೆ ಕಡಿಮೆಯಾಗುತ್ತದೆ. ನಂಬಿಕೆ ಒಂದೇ ವರ್ಷದಲ್ಲಿ ಬರುವುದಿಲ್ಲ, ಒಂದು ತಲೆಮಾರು ಬೇಕು. ಆ ನಡುವೆ ಜನಸಂಖ್ಯೆ ಉಬ್ಬುತ್ತದೆ. ಆಮೇಲೆ ದುಡಿಯುವವರು ಜಾಸ್ತಿ, ಸಾಕಬೇಕಾದ ಮಕ್ಕಳು ಕಡಿಮೆ ಅನ್ನುವ ಕೆಲವು ದಶಕಗಳು ಬರುತ್ತವೆ. ಪೂರ್ವ ಏಷ್ಯಾದ ದೇಶಗಳು ಓಡಿದ್ದು ಈ ಕಾಲದಲ್ಲಿ. ಅದರ ಹಿಂದೆ ಕಾರ್ಖಾನೆ, ರಫ್ತು, ಶಾಲೆ ಎಲ್ಲವೂ ಇದ್ದವು, ನಿಜ. ಆದರೂ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬೆಳವಣಿಗೆ ವಯಸ್ಸಿನ ಈ ಬದಲಾವಣೆಯಿಂದಲೇ ಬಂತು ಅನ್ನುವ ಅಂದಾಜುಗಳಿವೆ.

ಬಾಂಗ್ಲಾದೇಶದಲ್ಲಿ ಇದು ಹೇಗೆ ಆಯಿತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಾಂತಿಭೇದಿಗೆ ಸಕ್ಕರೆ, ಉಪ್ಪು ಸೇರಿಸಿದ ನೀರು ಕುಡಿಸಿದರೆ ಸಾಕು, ಹೆಚ್ಚಿನವರಿಗೆ ನರಕ್ಕೆ ಡ್ರಿಪ್ ಹಾಕಬೇಕಿಲ್ಲ ಅನ್ನುವುದು 1968ರ ಹೊತ್ತಿಗೆ ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಖಾತ್ರಿಯಾಗಿತ್ತು. 1971ರ ಯುದ್ಧದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಡ್ರಿಪ್ ಮುಗಿದುಹೋದಾಗ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕೊಟ್ಟರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ವೈದ್ಯರ ಕೆಲಸ ಅಲ್ಲಿಗೆ ಮುಗಿಯಿತು. ಸಾರ್ವಜನಿಕ ಆರೋಗ್ಯದ ಕೆಲಸ ಅಲ್ಲಿಂದ ಶುರು.

1980ರಿಂದ 1990ರ ತನಕ ಬ್ರ್ಯಾಕ್ ಅನ್ನುವ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಹೆಂಗಸರು ಮನೆಮನೆಗೆ ಹೋದರು. ಪ್ಯಾಕೆಟ್ ಹಂಚಲಿಲ್ಲ, ಮಾಡುವುದನ್ನು ಕಲಿಸಿದರು. ಮೂರು ಬೆರಳಲ್ಲಿ ಹಿಡಿದಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಇದರಲ್ಲಿ ಜಾಣತನ ಇದ್ದದ್ದು ಸಂಬಳದ ವಿಷಯದಲ್ಲಿ. ಎಷ್ಟು ಮನೆಗೆ ಹೋದೆ ಅಂತ ಕೇಳಿ ದುಡ್ಡು ಕೊಡುತ್ತಿರಲಿಲ್ಲ. ಕೆಲವು ವಾರ ಬಿಟ್ಟು ಇನ್ನೊಬ್ಬರು ಆ ತಾಯಂದಿರಲ್ಲಿ ಕೆಲವರ ಬಳಿ ಹೋಗಿ, ನೆನಪಿದೆಯಾ ಅಂತ ಕೇಳಿ, ಎದುರಿಗೇ ಕಲಸಿಸಿ ನೋಡುತ್ತಿದ್ದರು. ಉಪ್ಪಿನ ಪ್ರಮಾಣ ಸರಿ ಇದೆಯಾ ಅಂತ ಪ್ರಯೋಗಾಲಯದಲ್ಲೂ ಪರೀಕ್ಷಿಸುತ್ತಿದ್ದರು. ತಾಯಿ ಎಷ್ಟು ಸರಿಯಾಗಿ ಹೇಳಿದಳೋ ಅದರ ಮೇಲೆ ಕಲಿಸಿದವಳ ಸಂಪಾದನೆ. ಹೀಗೆ 1.2 ಕೋಟಿಗೂ ಜಾಸ್ತಿ ಮನೆ ಮುಟ್ಟಿದರು. ಇದೊಂದರಿಂದಲೇ ಎಲ್ಲ ಆಯಿತು ಅನ್ನಲಾರೆ. ಲಸಿಕೆ ಬಂತು, ಕುಟುಂಬ ಯೋಜನೆಯ ಕಾರ್ಯಕರ್ತೆಯರು ಬಂದರು, ಹೆಣ್ಣುಮಕ್ಕಳ ಶಾಲೆ ಬಂತು. 1970ರ ದಶಕದ ಮೊದಲಲ್ಲಿ ಒಬ್ಬ ತಾಯಿಗೆ ಸರಾಸರಿ ಏಳರ ಹತ್ತಿರ ಮಕ್ಕಳು, ಈಗ ಎರಡರ ಆಸುಪಾಸು. ಅಲ್ಲಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಲಕ್ಷಗಟ್ಟಲೆ ಹೆಂಗಸರು ಕೆಲಸ ಮಾಡುತ್ತಿದ್ದಾರಲ್ಲ, ವರ್ಷ ಬಿಟ್ಟು ವರ್ಷ ಬಸುರಿ ಬಾಣಂತಿ ಆಗಿದ್ದರೆ ಅವರು ಅಲ್ಲಿಗೆ ಹೋಗುತ್ತಿದ್ದರೇ?

ಶ್ರೀಲಂಕಾದಲ್ಲಿ ಇನ್ನೊಂದು ದಾರಿ ಕಾಣುತ್ತದೆ. 1946ರಿಂದ 1953ರೊಳಗೆ ಅಲ್ಲಿ ಹೆರಿಗೆಯಲ್ಲಿ ತಾಯಿ ಸಾಯುವುದು ಸುಮಾರು ಶೇ 70ರಷ್ಟು ಇಳಿಯಿತು. ತರಬೇತಿ ಪಡೆದ ಸೂಲಗಿತ್ತಿಯರು, ಹಳ್ಳಿಗಳಿಗೆ ಹತ್ತಿರ ಆಸ್ಪತ್ರೆ, ಮಲೇರಿಯಾ ಹತೋಟಿ ಎಲ್ಲ ಸೇರಿದ್ದವು. ಆಮೇಲೆ ನೋಡಿದರೆ, ಎಲ್ಲಿ ತಾಯಂದಿರ ಸಾವು ಹೆಚ್ಚು ಇಳಿದಿತ್ತೋ ಅಲ್ಲೇ ಹೆಣ್ಣುಮಕ್ಕಳ ಓದೂ ಹೆಚ್ಚು ಏರಿತ್ತು. ಮಗಳು ಬಾಳಿ ಬದುಕುತ್ತಾಳೆ ಅನ್ನುವ ಭರವಸೆ ಇದ್ದರೆ ಅವಳ ಓದಿಗೆ ಖರ್ಚು ಮಾಡುವುದು ದಂಡ ಅನ್ನಿಸುವುದಿಲ್ಲ. ತಂದೆತಾಯಿ ಕೂತು ಹೀಗೆ ಲೆಕ್ಕ ಹಾಕುತ್ತಾರೆ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹಾಕದೆಯೂ ಮನಸ್ಸು ಆ ಕಡೆ ವಾಲುತ್ತದೆ.

ಸಾಂಕ್ರಾಮಿಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕೋವಿಡ್ ನಂತರ ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ. 2014ರಲ್ಲಿ ಎಬೋಲಾ ಬಂದಾಗ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ 11,000ಕ್ಕೂ ಜಾಸ್ತಿ ಜನ ಸತ್ತರು. ಆರ್ಥಿಕ ನಷ್ಟದ ದೊಡ್ಡ ಪಾಲು ಬಂದದ್ದು ಸಾವುಗಳಿಂದಲ್ಲ, ಹೆದರಿಕೆಯಿಂದ. ವಿಮಾನ ನಿಂತವು, ಸಂತೆ ಮುಚ್ಚಿದವು, ಗಡಿ ಮುಚ್ಚಿತು. ಸಿಯೆರಾ ಲಿಯೋನ್‌ನ ಒಟ್ಟು ಉತ್ಪನ್ನ 2015ರಲ್ಲಿ ಸುಮಾರು ಐದನೇ ಒಂದು ಭಾಗ ಕುಸಿಯಿತು. ಅದೇ ಹೊತ್ತಿಗೆ ಕಬ್ಬಿಣದ ಅದಿರಿನ ಬೆಲೆ ಬಿದ್ದದ್ದೂ ಇದರಲ್ಲಿ ಸೇರಿದೆ. ಎಲ್ಲವನ್ನೂ ವೈರಸ್ಸಿನ ತಲೆಗೆ ಕಟ್ಟಬಾರದು.

ಇನ್ನು ಮನೆಯೊಳಗಿನ ಲೆಕ್ಕ. ಬಡವರ ಮನೆಯಲ್ಲಿ ಒಂದು ದೊಡ್ಡ ಕಾಯಿಲೆ ಬಂದರೆ ಎರಡು ಪೆಟ್ಟು. ದುಡಿಯುವ ಕೈ ಮಲಗುತ್ತದೆ, ಕೂಡಿಟ್ಟದ್ದು ಕರಗುತ್ತದೆ. ದನ, ಹೊಲ, ಹೊಲಿಗೆ ಯಂತ್ರ, ಇಂಥ ದುಡಿಮೆಯ ಆಸ್ತಿಯೇ ಮೊದಲು ಮಾರಾಟವಾಗುವುದು, ಯಾಕೆಂದರೆ ಮಾರಲು ಬೇರೆ ಏನೂ ಇರುವುದಿಲ್ಲ. ಆಮೇಲೆ ಸಾಲ. ಆಮೇಲೆ ಮಗನೋ ಮಗಳೋ ಶಾಲೆ ಬಿಡುವುದು. ರೋಗಿ ಗುಣವಾದರೂ ಆ ಮನೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಥಾಯ್ಲೆಂಡ್ ಇದನ್ನು ತಡೆಯಲು ಹೊರಟದ್ದು ಶ್ರೀಮಂತವಾದ ಮೇಲಲ್ಲ. 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ ನೆಲಕಚ್ಚಿ ಇನ್ನೂ ಏಳುತ್ತಿದ್ದಾಗ, 2001–02ರಲ್ಲಿ. ಒಂದು ಸಲ ಆಸ್ಪತ್ರೆಗೆ ಹೋದರೆ ಅಲ್ಲಿನ ಹಣದಲ್ಲಿ 30 ಬಾತ್, ಅಷ್ಟೇ. ಬಡ ಪ್ರಾಂತ್ಯಗಳಿಗೂ ಅನುಕೂಲಸ್ಥ ಪ್ರಾಂತ್ಯಗಳಿಗೂ ಶಿಶು ಮರಣದಲ್ಲಿದ್ದ ಅಂತರ ಅದಾದ ಮೇಲೆ ಹೆಚ್ಚುಕಡಿಮೆ ಮುಚ್ಚಿಹೋಯಿತು.

‘ಮೊದಲು ದೇಶ ಶ್ರೀಮಂತವಾಗಲಿ, ಆರೋಗ್ಯ ತಾನಾಗಿ ಬರುತ್ತದೆ’ ಅನ್ನುವವರಿಗೆ ಜನಸಂಖ್ಯಾ ತಜ್ಞ ಸ್ಯಾಮ್ಯುಯೆಲ್ ಪ್ರೆಸ್ಟನ್ 1975ರಲ್ಲೇ ಉತ್ತರ ಕೊಟ್ಟಾಗಿದೆ. 1930ರ ದಶಕದಿಂದ 1960ರ ದಶಕದೊಳಗೆ ಪ್ರಪಂಚದಲ್ಲಿ ಆಯಸ್ಸು ಏರಿದ್ದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ, ಆದಾಯ ಏರಿದ್ದರಿಂದ ಬಂದದ್ದಲ್ಲ. ತಿಳಿವಳಿಕೆ, ಲಸಿಕೆ, ಶುದ್ಧ ನೀರು, ಸೊಳ್ಳೆ ಹತೋಟಿ ಇಂಥವುಗಳಿಂದ. ಇಕ್ವಟೋರಿಯಲ್ ಗಿನಿಗೆ ಎಣ್ಣೆ ಸಿಕ್ಕಿತು, ಆದಾಯ ಎಲ್ಲಿಂದ ಎಲ್ಲಿಗೋ ಹೋಯಿತು. ಜನರ ಆಯಸ್ಸು ಅದರ ಹಿಂದೆ ಹೋಗಲಿಲ್ಲ. ಕೋಸ್ಟರಿಕದ ಆದಾಯ ಅಮೆರಿಕದ ಒಂದು ಸಣ್ಣ ಭಾಗ. ಆಯಸ್ಸು ಅಮೆರಿಕದವರಿಗಿಂತ ಕಡಿಮೆಯೇನೂ ಇಲ್ಲ.

ಹಾಗಾದರೆ ಇಷ್ಟು ಲಾಭದ ವಿಷಯವನ್ನು ಸರ್ಕಾರಗಳು ಯಾಕೆ ಮಾಡುವುದಿಲ್ಲ? 2001ರಲ್ಲಿ ಆಫ್ರಿಕಾದ ದೇಶಗಳ ನಾಯಕರು ನೈಜೀರಿಯಾದ ಅಬುಜಾದಲ್ಲಿ ಸೇರಿ, ಬಜೆಟ್ಟಿನ ಶೇ 15 ಆರೋಗ್ಯಕ್ಕೆ ಅಂತ ಮಾತು ಕೊಟ್ಟರು. ಹೆಚ್ಚಿನ ದೇಶಗಳು ಇವತ್ತಿಗೂ ಅಲ್ಲಿಗೆ ಮುಟ್ಟಿಲ್ಲ. ಆಗಲೇ 28 ವರ್ಷ ಅಂದೆನಲ್ಲ, ಕಾರಣ ಅದೇ. ಕಪ್ಪು ನೊಣಕ್ಕೆ 28 ವರ್ಷ, ಕೊಕ್ಕೆ ಹುಳುವಿಗೆ 20, ಗಂಜಿಗೆ 30. ಮಂತ್ರಿಗೆ ಇರುವುದು ನಾಲ್ಕೋ ಐದೋ ವರ್ಷ. ಆಸ್ಪತ್ರೆಯ ಕಟ್ಟಡಕ್ಕೆ ರಿಬ್ಬನ್ ಕತ್ತರಿಸಬಹುದು. ಎರಡು ವರ್ಷದ ಮಗುವಿಗೆ ಬಾರದ ವಾಂತಿಭೇದಿಗೆ ಯಾರು ರಿಬ್ಬನ್ ಕಟ್ಟುತ್ತಾರೆ? ಸರಿಯಾಗಿ ನಡೆದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಗಿ ಹಿಡಿಯುವ ವರ್ಷದಲ್ಲಿ ಹಣಕಾಸು ಇಲಾಖೆ ಮೊದಲು ಕತ್ತರಿಸುವುದೂ ಅದನ್ನೇ.

ಇಲ್ಲಿಗೆ ಭಾಷಣ ಮುಗಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು: ‘ಹಾಗಾದರೆ ದೊಡ್ಡ ಆಸ್ಪತ್ರೆ, ಹೃದಯದ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆ ಇವೆಲ್ಲ ದಂಡದ ಖರ್ಚಾ ಸರ್?’

ಖಂಡಿತ ಅಲ್ಲ. ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಆರೋಗ್ಯಕ್ಕೆ ಬೆಳವಣಿಗೆಯ ಕಾರಣ ಕೊಡುವುದರಲ್ಲಿ ಒಂದು ಅಪಾಯ ಇದೆ. ಎಪ್ಪತ್ತೈದು ವರ್ಷದ ಅಜ್ಜಿಯ ಮಂಡಿನೋವು ವಾಸಿಯಾದರೆ ದೇಶದ ಉತ್ಪನ್ನ ಏರುವುದಿಲ್ಲ. ಏಳಲಾಗದ ಮಗುವನ್ನು ನೋಡಿಕೊಂಡರೂ ಏರುವುದಿಲ್ಲ. ದುಡಿಯಲಾಗದವರಿಗೆ ಈ ವಾದ ಒಂದು ಪೈಸೆಯನ್ನೂ ಕೊಡುವುದಿಲ್ಲ. ಅವರಿಗೆ ಚಿಕಿತ್ಸೆ ಕೊಡಬೇಕಾದದ್ದು ಅವರಿಗೆ ನೋವಾಗುತ್ತಿದೆ ಅನ್ನುವ ಕಾರಣಕ್ಕೆ, ಅಷ್ಟು ಕಾರಣ ಸಾಕು. ಬೆಳವಣಿಗೆಯ ಲೆಕ್ಕ ನನಗೆ ಬೇಕಾಗುವುದು ಇನ್ನೊಂದಕ್ಕೆ. ಕೇಳುವವರೇ ಇಲ್ಲದ ನೀರು, ಚರಂಡಿ, ಲಸಿಕೆ, ಎಳೆ ಮಕ್ಕಳ ಆಹಾರ ಇವುಗಳ ಪರವಾಗಿ ಹಣಕಾಸು ಇಲಾಖೆಯ ಎದುರು ಮಾತಾಡುವುದಕ್ಕೆ. ಆಸ್ಪತ್ರೆ ಬೇಕು ಅಂತ ಜನ ಬೀದಿಗೆ ಇಳಿಯುತ್ತಾರೆ. ಕೊಕ್ಕೆ ಹುಳುವಿನ ವಿರುದ್ಧ ಯಾರೂ ಮೆರವಣಿಗೆ ಮಾಡಿದ್ದು ನಾನು ಕೇಳಿಲ್ಲ.

ಇನ್ನೊಬ್ಬರು: ‘ಫಲ ಬರಲು ಇಪ್ಪತ್ತು ವರ್ಷ, ಚುನಾವಣೆಗೆ ಐದು ವರ್ಷ ಅಂದಿರಿ. ಇದಕ್ಕೆ ದಾರಿಯೇ ಇಲ್ವಾ?’

ಪೂರ್ತಿ ದಾರಿ ಇಲ್ಲ. ಕೆಲವು ದೇಶಗಳು ದುಡ್ಡನ್ನು ವರ್ಷ ವರ್ಷದ ಚೌಕಾಸಿಯಿಂದ ಹೊರಗೆ ಇಟ್ಟಿವೆ. ಥಾಯ್ಲೆಂಡ್ 2001ರಲ್ಲಿ ಮದ್ಯ ಮತ್ತು ತಂಬಾಕಿನ ತೆರಿಗೆಯ ಮೇಲೆ ಶೇ 2ರಷ್ಟು ಹೆಚ್ಚುವರಿ ಹಾಕಿ, ಆ ದುಡ್ಡು ನೇರವಾಗಿ ಆರೋಗ್ಯ ಕಾಪಾಡುವ ಒಂದು ನಿಧಿಗೆ ಹೋಗುವಂತೆ ಕಾನೂನು ಮಾಡಿತು. ಫಿಲಿಪ್ಪೀನ್ಸ್ 2012ರಲ್ಲಿ ಸಿಗರೇಟು, ಮದ್ಯದ ತೆರಿಗೆ ಏರಿಸಿ, ಹೆಚ್ಚಾಗಿ ಬಂದ ಹಣದ ದೊಡ್ಡ ಪಾಲನ್ನು ಬಡವರ ಆರೋಗ್ಯ ವಿಮೆಗೆ ಮೀಸಲಿಟ್ಟಿತು. ಕೆಲವೇ ವರ್ಷದಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಬಜೆಟ್ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಹೊಸ ಮಂತ್ರಿ ಬಂದರೂ ಕಾನೂನು ಬದಲಾಯಿಸದೆ ಆ ದುಡ್ಡಿಗೆ ಕೈ ಹಾಕಲು ಆಗುವುದಿಲ್ಲ.

ಅವರು ಕೂರಲಿಲ್ಲ. ‘ಜನ ಸೇದುವುದು ಕುಡಿಯುವುದು ಬಿಟ್ಟರೆ ಆ ದುಡ್ಡೂ ನಿಲ್ಲುತ್ತದಲ್ಲ?’ ಅಂದರು. ನಿಲ್ಲಲಿ ಬಿಡಿ. ಆದರೆ ಸದ್ಯಕ್ಕೆ ಆ ಚಿಂತೆ ಬೇಡ. ತೆರಿಗೆ ಏರಿದಷ್ಟು ವೇಗವಾಗಿ ಜನ ಸಾಮಾನ್ಯವಾಗಿ ಸೇದುವುದನ್ನು ಬಿಡುವುದಿಲ್ಲ. ಅಷ್ಟು ಚೆನ್ನಾಗಿ ಬಿಟ್ಟುಬಿಟ್ಟರೆ, ಆಸ್ಪತ್ರೆಯ ಖರ್ಚೇ ಕಡಿಮೆಯಾಗಿ ಹಣಕಾಸು ಮಂತ್ರಿ ಬೇರೆ ಕಡೆ ತೆರಿಗೆ ಹುಡುಕಿಕೊಳ್ಳುತ್ತಾರೆ, ಅದರಲ್ಲಿ ಅವರು ಪಳಗಿದವರು.